ಉದ್ದ ಕೂದಲಿಗೆ ಡ್ರೆಡ್‌ಲಾಕ್ಸ್: ಕ್ರೋಶಾ ಕಡ್ಡಿಯ ಕೆಲಸ ಕೊಟ್ಟ ದುಡ್ಡಿಗೆ ತಕ್ಕದ್ದೇ?

ಗೋಕರ್ಣ, ಅರಂಬೋಲ್‌ನಂಥ ಕಡಲತೀರಗಳಲ್ಲಿ ಸೀಸನ್‌ಗೆ ಬಂದು ಕೂರುವವರು ಮಾಡುವುದೂ ಬೆಂಗಳೂರಿನ ಸ್ಟುಡಿಯೊಗಳಲ್ಲಿ ಅಪಾಯಿಂಟ್‌ಮೆಂಟ್ ಕೊಟ್ಟು ಮಾಡುವುದೂ ಬಹುಮಟ್ಟಿಗೆ ಒಂದೇ ಕೆಲಸ. ಕೂದಲನ್ನು ಚೌಕ ಚೌಕವಾಗಿ ಬೈತಲೆ ತೆಗೆದು, ಪ್ರತಿ ಭಾಗವನ್ನೂ ಬಾಚಣಿಗೆಯಿಂದ ಹಿಮ್ಮುಖವಾಗಿ ಬಾಚಿ ಸಿಕ್ಕಾಗಿಸಿ, ಆ ಸಿಕ್ಕನ್ನು ಸಣ್ಣ ಕ್ರೋಶಾ ಕಡ್ಡಿಯಿಂದ ಬಿಗಿದು ಹಗ್ಗದಂತೆ ಮಾಡುತ್ತಾರೆ. ಇಂಥ ಒಂದೊಂದು ಹಗ್ಗವೂ ಒಂದು ಲಾಕ್, ಎಲ್ಲ ಸೇರಿದರೆ ಡ್ರೆಡ್‌ಲಾಕ್ಸ್. ಈ ಸೇವೆಯ ಬಗ್ಗೆ ಮೊದಲೇ ತೀರ್ಪು ಹೇಳಿಬಿಡಬಹುದು. ನೆತ್ತಿಯ ಚರ್ಮ ಆರೋಗ್ಯವಾಗಿದ್ದು, ಕೂದಲು ಕನಿಷ್ಠ 40 ಸೆಂಟಿಮೀಟರ್ ಇದ್ದು, ವಾರಕ್ಕೊಮ್ಮೆ ಅರ್ಧ ದಿನ ತಲೆ ಒಣಗಿಸಲು ಬಿಡುವಿರುವವರಿಗೆ ಇದು ಒಳ್ಳೆಯ ಸೇವೆ. ವಾರವಾರ ಎಣ್ಣೆ ಹಚ್ಚಿ ತಿಕ್ಕದಿದ್ದರೆ ಸಮಾಧಾನವಿಲ್ಲದವರಿಗೆ, ಪದೇಪದೇ ತಲೆಹೊಟ್ಟು ಕಾಡುವವರಿಗೆ ಬೇಡ. ಮೇಣ ಹಾಕಿ ಮಾಡುವ ಅಂಗಡಿಗಂತೂ ಯಾರೂ ಹೋಗಬೇಡಿ.

ಇಡೀ ಕೆಲಸ ನಿಂತಿರುವುದು ಕಡ್ಡಿಯ ಮೇಲೆ. 0.5ರಿಂದ 0.75 ಮಿಲಿಮೀಟರ್ ಕೊಕ್ಕೆಯ ಉಕ್ಕಿನ ಕಡ್ಡಿ ಸರಿ. ಲೇಸ್ ಹೆಣೆಯುವವರು ಬಳಸುವ 1 ಮಿಲಿಮೀಟರ್‌ಗಿಂತ ದಪ್ಪನೆಯ ಕಡ್ಡಿ ತಂದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಒಂದೊಂದು ಎಳೆತಕ್ಕೂ ಹೆಚ್ಚು ಕೂದಲು ಸಿಕ್ಕಿ ತುಂಡಾಗುತ್ತದೆ. ಪಳಗಿದ ಕೈ ಕಡ್ಡಿಯನ್ನು ಲಾಕ್‌ನ ಪಕ್ಕದಿಂದ ಓರೆಯಾಗಿ ತೂರಿಸಿ, ಎರಡು ಮೂರು ಎಳೆಗಳನ್ನಷ್ಟೇ ಹಿಡಿದು, ಅರ್ಧ ಸೆಂಟಿಮೀಟರ್‌ನಷ್ಟು ಹಿಂದಕ್ಕೆ ಮುಂದಕ್ಕೆ ಆಡಿಸುತ್ತದೆ. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳು ಲಾಕನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿರುತ್ತವೆ, ಇಲ್ಲದಿದ್ದರೆ ಅದು ಉರುಟಾಗದೆ ಪಟ್ಟಿಯಂತೆ ಚಪ್ಪಟೆಯಾಗುತ್ತದೆ. ಈ ಕೆಲಸಕ್ಕೆ ಒಂದು ಮೆತ್ತನೆಯ ಚಿರ್ ಚಿರ್ ಸದ್ದಿರುತ್ತದೆ. ನಡುನಡುವೆ ಟಪ್ ಟಪ್ ಎಂದು ಕೇಳಿದರೆ ಕೂದಲು ಹರಿಯುತ್ತಿದೆ ಎಂದೇ ಲೆಕ್ಕ.

ಇದನ್ನು ಕಣ್ಣಾರೆ ನೋಡುವ ಸುಲಭದ ದಾರಿಯೊಂದಿದೆ. ಹೆಗಲ ಮೇಲೆ ಬಿಳಿ ಟವೆಲ್ ಹಾಕಿಸಿಕೊಳ್ಳಿ. ಮೊದಲ ನಾಲ್ಕೈದು ಲಾಕ್ ಮುಗಿದಾಗ ಅದರ ಮೇಲೆ ಬಿದ್ದ ಕೂದಲನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಬೆಳ್ಳಗಿನ ಪುಟ್ಟ ಬುಡವಿರುವ ಉದ್ದನೆಯ ಎಳೆಗಳಾದರೆ ಅವು ಹೇಗೂ ಉದುರಬೇಕಿದ್ದವು, ಚಿಂತೆಯಿಲ್ಲ. ಬುಡವಿಲ್ಲದ, ಎರಡು ಮೂರು ಸೆಂಟಿಮೀಟರ್‌ನ ಚೂರುಗಳೇ ರಾಶಿ ಬಿದ್ದಿದ್ದರೆ ಅಲ್ಲೇ ನಿಲ್ಲಿಸಿ. ಐದು ಲಾಕ್ ಬಿಡಿಸಿಕೊಳ್ಳುವುದು ಒಂದು ಸಂಜೆಯ ಕೆಲಸ, ಐವತ್ತನ್ನು ಬಿಡಿಸಿಕೊಳ್ಳುವುದು ಹಾಗಲ್ಲ.

ಭಾಗ ಮಾಡುವುದರಲ್ಲೂ ಕುಶಲತೆ ತಿಳಿಯುತ್ತದೆ. ಸಾಮಾನ್ಯ ದಟ್ಟಣೆಯ ತಲೆಗೆ 2ರಿಂದ 2.5 ಸೆಂಟಿಮೀಟರ್ ಚೌಕಗಳಂತೆ 40ರಿಂದ 60 ಲಾಕ್ ಬರುತ್ತವೆ. ಗೋಡೆಗೆ ಇಟ್ಟಿಗೆ ಕಟ್ಟಿದ ಹಾಗೆ ಒಂದು ಸಾಲಿನ ಸಂದಿಗೆ ಮೇಲಿನ ಸಾಲಿನ ನಡು ಬರಬೇಕು. ನೇರ ಗೆರೆ ಎಳೆದರೆ ನೆತ್ತಿಯಲ್ಲಿ ಉದ್ದುದ್ದ ಬೋಳುಪಟ್ಟೆ ಕಾಣುತ್ತದೆ. ದರ ಹೇಳುವ ರೀತಿಯೂ ಇಲ್ಲಿ ಕೆಲಸ ಮಾಡುತ್ತದೆ. ಲಾಕ್ ಒಂದಕ್ಕೆ ಇಷ್ಟು ಎಂದರೆ ಸಂಖ್ಯೆ ಹೆಚ್ಚಿಸುವ ಆಸೆ ಬರುತ್ತದೆ, ಬುಡ ಸಣಕಲಾಗಿ ವರ್ಷ ಕಳೆಯುವುದರಲ್ಲಿ ಭಾರಕ್ಕೆ ಕಿತ್ತುಬರುತ್ತದೆ. ಒಟ್ಟು ಮೊತ್ತಕ್ಕೆ ಒಪ್ಪಿಕೊಂಡರೆ ಕಡಿಮೆ ಲಾಕ್‌ನಲ್ಲಿ ಮುಗಿಸುವ ಆಸೆ, ಆಗ ಹೆಬ್ಬೆರಳು ಗಾತ್ರದ ಲಾಕ್‌ಗಳಾಗಿ ಒಳಗೆ ಒಣಗುವುದೇ ಇಲ್ಲ. ಆದ್ದರಿಂದ ಎಷ್ಟು ಲಾಕ್, ಎಷ್ಟು ದಪ್ಪ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ದರ ಮಾತಾಡಿ. ಮುಗಿದಾಗ ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ, ಕಿರುಬೆರಳಿಗಿಂತ ಸ್ವಲ್ಪ ತೆಳು ಇರುವುದು ನಮ್ಮ ಹವೆಗೆ ಹೊಂದುವ ಗಾತ್ರ.

ಉದ್ದದ ಲೆಕ್ಕದಲ್ಲಿ ಹೆಚ್ಚಿನವರು ಏಮಾರುತ್ತಾರೆ. ಸಿಕ್ಕಾಗುವುದೆಂದರೆ ಕೂದಲು ಮಡಚಿ ಮಡಚಿ ಒಳಸೇರುವುದು. ಮೊದಲ ದಿನವೇ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. 60 ಸೆಂಟಿಮೀಟರ್ ಸೊಂಟದ ಹತ್ತಿರದ ಕೂದಲು 40ಕ್ಕೆ ಬಂದು ಬೆನ್ನಿನ ನಡುವಿಗೆ ನಿಲ್ಲುತ್ತದೆ. ಮುಂದಿನ ತಿಂಗಳುಗಳಲ್ಲಿ ಲಾಕ್ ಗಟ್ಟಿಯಾಗುತ್ತಾ ಇನ್ನೂ ಕುಗ್ಗುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರ್ ಚಿಲ್ಲರೆ, ಹಾಗಾಗಿ ಮೊದಲ ವರ್ಷ ಬೆಳೆದದ್ದನ್ನೆಲ್ಲ ಕುಗ್ಗುವಿಕೆ ನುಂಗಿಬಿಡುತ್ತದೆ. ಕೂದಲು ಉದ್ದವಿದ್ದಷ್ಟೂ ಕೆಲಸ ಹೆಚ್ಚು. ಒಬ್ಬರೇ ಮಾಡಿದರೆ 8ರಿಂದ 12 ಗಂಟೆ ಹಿಡಿಯುತ್ತದೆ, ಎರಡು ದಿನಕ್ಕೆ ಹಂಚಿಕೊಂಡರೆ ಕತ್ತಿಗೂ ನೆತ್ತಿಗೂ ಆರಾಮ. ನಾಲ್ಕೇ ಗಂಟೆಯಲ್ಲಿ ಸೊಂಟದುದ್ದದ ಕೂದಲನ್ನು ಒಬ್ಬರೇ ಮುಗಿಸುತ್ತೇವೆ ಎಂದವರು ಹೊರಮೈಯನ್ನು ಮಾತ್ರ ಬಿಗಿದು ಒಳಗೆ ಟೊಳ್ಳು ಬಿಟ್ಟಿರುತ್ತಾರೆ. ಬೆರಳಲ್ಲಿ ಒತ್ತಿ ನೋಡಿದರೆ ಆ ಟೊಳ್ಳು ಕೈಗೆ ತಿಳಿಯುತ್ತದೆ.

ಮೇಣದ ವಿಷಯಕ್ಕೆ ಬರೋಣ. ಜೇನುಮೇಣ, ಪೆಟ್ರೋಲಿಯಂ ಜೆಲ್ಲಿ ಬೆರೆತ ಡಬ್ಬಿಗಳನ್ನು ಡ್ರೆಡ್ ವ್ಯಾಕ್ಸ್ ಎಂದು ಈಗಲೂ ಮಾರುತ್ತಾರೆ. ಹಚ್ಚಿದ ದಿನ ಲಾಕ್ ನುಣುಪಾಗಿ, ಫೋಟೊಗೆ ಚೆನ್ನಾಗಿ ಕಾಣುತ್ತದೆ. ಆದರೆ ಅದು ನೀರಲ್ಲಿ ಕರಗುವ ವಸ್ತುವಲ್ಲ. ಧೂಳು, ಟವೆಲ್ಲಿನ ನೂಲು, ದಿಂಬಿನ ಹತ್ತಿ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಎಳೆಗಳನ್ನು ಒಂದಕ್ಕೊಂದು ಅಂಟಿಸುವುದರಿಂದ ಅವು ಜಾರಾಡಿ ಸಿಕ್ಕಾಗುವುದೂ ನಿಲ್ಲುತ್ತದೆ. ಡ್ರೆಡ್ ಆಗಲು ಬೇಕಾದದ್ದೇ ಆ ಜಾರಾಟ. ಕೊನೆಗೆ ಒಳಗೆ ಹೋದ ನೀರು ಹೊರಬರಲಾಗದೆ ಮುಗ್ಗಲು ವಾಸನೆ ಶುರುವಾಗುತ್ತದೆ. ಒಮ್ಮೆ ಒಳಸೇರಿದ ಮೇಣವನ್ನು ಪೂರ್ತಿ ತೆಗೆಯುವ ದಾರಿ ಕತ್ತರಿಯೊಂದೇ ಎನ್ನುವಷ್ಟು ಕಷ್ಟ.

ಆನ್‌ಲೈನ್‌ನಲ್ಲಿ ಸಿಗುವ ಡ್ರೆಡ್ ಸೋಪಿನ ಬಿಲ್ಲೆಗಳೂ ನಮ್ಮಲ್ಲಿ ಬಹಳ ಮನೆಗಳಿಗೆ ಹೊಂದುವುದಿಲ್ಲ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಸುಣ್ಣದಂಶದ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ, ಬಕೆಟ್ಟಿನ ಅಂಚಿಗೆ ಕಟ್ಟುವುದೂ ಅದೇ. ಆ ಜಿಡ್ಡು ಲಾಕ್‌ನ ಒಳಗೆ ಕೂತರೆ ತೊಳೆದು ಹೋಗದು. ಕಂಡೀಷನರ್, ಸಿಲಿಕೋನ್ ಬೆರೆಸದ ತಿಳಿಯಾದ ಶಾಂಪೂ ಗಡಸು ನೀರಿಗೂ ಸರಿಹೋಗುತ್ತದೆ, ಅಗ್ಗವೂ ಹೌದು. ಸೀಗೆಕಾಯಿ, ಅಂಟುವಾಳ ಬಳಸುವವರು ಪುಡಿಯನ್ನು ನೇರ ಹಚ್ಚಬಾರದು, ಅದರ ಹೊಟ್ಟು ಒಳಗೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಉದುರುತ್ತದೆ. ಏಳೆಂಟು ಅಂಟುವಾಳಕಾಯಿಯ ಬೀಜ ತೆಗೆದು ಒಂದು ಲೀಟರ್ ನೀರಲ್ಲಿ ಕುದಿಸಿ, ಮಲ್ಲು ಬಟ್ಟೆಯಲ್ಲಿ ಎರಡು ಸಲ ಸೋಸಿ ಬಳಸಿದರೆ ಚೆನ್ನ. ಅಡುಗೆಸೋಡ ಬೇಡವೇ ಬೇಡ. ಅದು ಕ್ಷಾರ, ಪಿಎಚ್ 8 ದಾಟುತ್ತದೆ, ಕೂದಲ ಹೊರಪದರವನ್ನು ಎಬ್ಬಿಸಿ ಒರಟು ಮಾಡುತ್ತದೆ.

ತೊಳೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಮೊದಲ ಒಂದು ವಾರ ನೀರು ಮುಟ್ಟಿಸದೆ ಆಮೇಲೆ ವಾರಕ್ಕೊಮ್ಮೆ ಬೆಳಗ್ಗೆಯೇ ತೊಳೆಯಬೇಕು, ರಾತ್ರಿ ಒದ್ದೆ ತಲೆಯಲ್ಲಿ ಮಲಗಲೇಬಾರದು. ಒಂದೊಂದೇ ಲಾಕನ್ನು ಬುಡದಿಂದ ತುದಿಗೆ ಹಿಂಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಬಿಡಬೇಕು. ಬೆಂಗಳೂರಿನ ಬೇಸಿಗೆಯಲ್ಲಿ ನಾಲ್ಕೈದು ಗಂಟೆಗೆ ಒಣಗುವ ಲಾಕ್ ಮಂಗಳೂರು, ಕಾರವಾರದ ಆಷಾಢದಲ್ಲಿ ಸಂಜೆಗೂ ಒಣಗದು. ಕರಾವಳಿ, ಮಲೆನಾಡಿನವರು ಈ ತೀರ್ಮಾನ ಮಾಡುವ ಮೊದಲು ಮಳೆಗಾಲವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಣ್ಣನೆಯ ಗಾಳಿ ಬೀಸುವ ಹೇರ್ ಡ್ರೈಯರ್ ಅಲ್ಲಿ ಶೋಕಿಯಲ್ಲ, ಅಗತ್ಯ. ಒಳಗೆ ಪಸೆ ಉಳಿದಿದೆಯೇ ತಿಳಿಯಲು ಲಾಕ್‌ನ ನಡುಭಾಗವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಹತ್ತು ಎಣಿಸುವವರೆಗೆ ಗಟ್ಟಿಯಾಗಿ ಹಿಸುಕಿ, ಕಾಗದ ತೇವವಾದರೆ ಇನ್ನೂ ಆಗಿಲ್ಲ.

ಎಣ್ಣೆಯ ಪ್ರಶ್ನೆ ಕನ್ನಡದ ಮನೆಗಳಲ್ಲಿ ಬಂದೇ ಬರುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಡಬ್ಬಿಯಲ್ಲಿ ಗಟ್ಟಿಯಾಗುವ ಅದೇ ಎಣ್ಣೆ ಲಾಕ್‌ನ ಒಳಗೂ ಗಟ್ಟಿಯಾಗಿ ಧೂಳು ಹಿಡಿದು, ದಿನ ಕಳೆದಂತೆ ಕಮಟುತ್ತದೆ. ಉಗಾದಿ, ದೀಪಾವಳಿಯ ಅಭ್ಯಂಜನಕ್ಕೆ ಬೆರಳ ತುದಿಯಲ್ಲಿ ನಾಲ್ಕು ಹನಿಯನ್ನು ನೆತ್ತಿಯ ಚರ್ಮಕ್ಕಷ್ಟೇ ಮುಟ್ಟಿಸಿ ಶಾಸ್ತ್ರ ಮುಗಿಸಬಹುದು. ಲಾಕ್ ಮಾಡಿಸುವ ಮೊದಲೂ ಎರಡು ವಾರ ಎಣ್ಣೆ ನಿಲ್ಲಿಸಿ ಎರಡು ಮೂರು ಸಲ ಶಾಂಪೂ ಹಾಕಿ ತೊಳೆದಿರಬೇಕು. ನಮ್ಮ ನೇರ, ದಪ್ಪ ಕೂದಲು ಮೊದಲೇ ಜಾರುವಂಥದ್ದು, ಎಣ್ಣೆ ಸೇರಿದರೆ ಕಡ್ಡಿಗೆ ನಿಲ್ಲದು.

ಹೊಸ ಕೂದಲು ಬೆಳೆದು ಬುಡ ಸಡಿಲಾದಾಗ ಎಂಟು ವಾರಕ್ಕೊಮ್ಮೆ ಸರಿಮಾಡಿಸಬೇಕು, ಅದಕ್ಕೆ ಎರಡು ಮೂರು ಗಂಟೆ. ಇಲ್ಲಿ ಎರಡು ಪದ್ಧತಿಗಳಿವೆ. ಕಡ್ಡಿಯಿಂದಲೇ ಸಡಿಲ ಕೂದಲನ್ನು ಒಳಸೇರಿಸುವುದು ಒಂದು, ಲಾಕ್‌ನ ತುದಿಯನ್ನು ಬುಡದ ನಡುವೆ ತೂರಿಸಿ ಹೆಣೆಯುವ ಇಂಟರ್‌ಲಾಕಿಂಗ್ ಇನ್ನೊಂದು. ಎರಡನೆಯದು ಬೇಗ ಮುಗಿಯುತ್ತದೆ, ಜಾರುವುದಿಲ್ಲ. ಆದರೆ ಚರ್ಮಕ್ಕೆ ಹತ್ತಿಸಿ ಬಿಗಿದರೆ ಹಣೆಯಂಚು, ಕಣತಲೆಯ ಕಡೆ ಕೂದಲ ಬೇರು ಸದಾ ಎಳೆತದಲ್ಲಿದ್ದು ಉದುರತೊಡಗುತ್ತದೆ. ಎಳೆತದಿಂದ ಬರುವ ಈ ಬೋಳುತನವನ್ನು ಬೇಗ ಗಮನಿಸಿ ಸಡಿಲಿಸಿದರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬೇರು ಸತ್ತು ಹೋಗುತ್ತದೆ. ಮಾಡಿಸಿಕೊಂಡ ರಾತ್ರಿ ತುಸು ಬಿಗಿತ ಸಹಜ, ಬುಡದಲ್ಲಿ ಸಣ್ಣ ಬಿಳಿ ಗುಳ್ಳೆ ಎದ್ದರೆ ಬಿಗಿ ಹೆಚ್ಚಾಗಿದೆ, ಮರುದಿನವೇ ಹೋಗಿ ಸಡಿಲಿಸಿಕೊಳ್ಳಿ.

ಮೊದಲ ಮೂರು ತಿಂಗಳು ಸಡಿಲ ಎಳೆಗಳು ಕೆದರಿ ತಲೆ ಸದಾ ಈಗಷ್ಟೇ ಎದ್ದುಬಂದಂತೆ ಕಾಣುತ್ತದೆ. ಆಮೇಲೆ ಲಾಕ್‌ಗಳು ಊದಿ, ಅಡ್ಡಾದಿಡ್ಡಿ ಬಾಗಿ, ಅಲ್ಲಲ್ಲಿ ಕುಣಿಕೆ ಹೊರಬರುತ್ತದೆ. ನಿರಾಸೆಯಾಗಿ ಕತ್ತರಿಸಿಕೊಳ್ಳುವವರು ಹೆಚ್ಚಾಗಿ ಕತ್ತರಿಸಿಕೊಳ್ಳುವುದು ಈ ಘಟ್ಟದಲ್ಲೇ. ಒಂದರಿಂದ ಎರಡು ವರ್ಷಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಅಕ್ಕಪಕ್ಕದ ಲಾಕ್‌ಗಳು ಬುಡದಲ್ಲಿ ಕೂಡಿಕೊಳ್ಳದಂತೆ ಪ್ರತಿ ಸ್ನಾನದ ನಂತರ ಒಂದೊಂದನ್ನೂ ಕೈಯಿಂದ ಬೇರ್ಪಡಿಸುತ್ತಿರಬೇಕು.

ಹೊರಗಿನ ಬದುಕಿನದ್ದೂ ಲೆಕ್ಕವಿದೆ. ಹೆಲ್ಮೆಟ್‌ನಿಂದ ವಿನಾಯಿತಿ ಇರುವುದು ಪೇಟ ಧರಿಸಿದ ಸಿಖ್ಖರಿಗೆ, ಡ್ರೆಡ್‌ಲಾಕ್ಸ್‌ಗಲ್ಲ. ಹಳೆಯ ಹೆಲ್ಮೆಟ್ ಒಳಗೆ ತುರುಬು ಹಿಡಿಯದು, ಲಾಕ್‌ಗಳನ್ನು ಕತ್ತಿನ ಬುಡದಲ್ಲಿ ತಗ್ಗಿಸಿ ಕಟ್ಟಬೇಕು. ಉತ್ತರ ಕರ್ನಾಟಕದಲ್ಲಿ ಇಂಥ ಕೂದಲಿಗೆ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ಅಲ್ಲಿ ಹೆಂಗಸಿನ ತಲೆಯಲ್ಲಿ ಸಿಕ್ಕುಗಟ್ಟಿದರೆ ಸವದತ್ತಿ ಎಲ್ಲಮ್ಮನ ಜಡೆ ಬಂತೆಂದು ಅರಿಸಿನ ಬಳಿದು, ಕತ್ತರಿ ಮುಟ್ಟಿಸದೆ ಬಿಡುವ ನಂಬಿಕೆ ಇದೆ. ಎಷ್ಟೋ ಹುಡುಗಿಯರನ್ನು ಆ ಜಡೆಯ ನೆಪದಲ್ಲೇ ದೇವರಿಗೆ ಬಿಟ್ಟದ್ದುಂಟು. ಕರ್ನಾಟಕ ಸರ್ಕಾರ 1982ರ ಕಾಯ್ದೆಯಲ್ಲಿ ಹಾಗೆ ಬಿಡುವುದನ್ನು ನಿಷೇಧಿಸಿತು. ಜಮೈಕಾದಲ್ಲಿ 1930ರ ದಶಕದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದವರಿಗೆ ಡ್ರೆಡ್‌ಲಾಕ್ಸ್ ತಾವೇ ಆಯ್ದುಕೊಂಡ ವ್ರತ. ಎಲ್ಲಮ್ಮನ ಜಡೆ ಹೊತ್ತವರಿಗೆ ಆ ಆಯ್ಕೆಯೇ ಇರಲಿಲ್ಲ. ಆ ಕಡೆ ಊರಿರುವವರು ಮನೆಯ ಹಿರಿಯರಿಗೆ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು.

ಬೇಡವೆನಿಸಿದರೆ ಬೋಳಿಸಲೇಬೇಕೆಂಬುದು ಸುಳ್ಳು. ಧಾರಾಳ ಕಂಡೀಷನರ್ ಹಾಕಿ ನೆನೆಸಿ, ಲೋಹದ ಮೊನೆಯ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬಿಡಿಸುತ್ತ ಬಂದರೆ ಲಾಕ್ ಬಿಚ್ಚುತ್ತದೆ. ಒಂದೊಂದಕ್ಕೆ ಅರ್ಧ ಗಂಟೆ ಹಿಡಿದರೆ 50 ಲಾಕ್‌ಗೆ 25 ಗಂಟೆ. ಆಗ ಬುಟ್ಟಿ ತುಂಬ ಕೂದಲು ಬರುವುದನ್ನು ನೋಡಿ ಹೆದರಬೇಡಿ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ಲಾಕ್‌ಗಳು ಅದನ್ನು ಒಳಗೇ ಹಿಡಿದಿಟ್ಟಿರುತ್ತವೆ. ಸೋರಿಯಾಸಿಸ್ ಇರುವವರು, ಮನೆಯಲ್ಲಿ ಶಾಲೆಯಿಂದ ಹೇನು ತರುವ ಮಕ್ಕಳಿರುವವರು ಮಾತ್ರ ಈ ಸಾಹಸಕ್ಕೆ ಇಳಿಯದಿರುವುದೇ ಲೇಸು. ಹೇನಿನ ಬಾಚಣಿಗೆ ಲಾಕ್‌ನೊಳಗೆ ಹೋಗುವುದಿಲ್ಲ, ಔಷಧವೂ ಚರ್ಮಕ್ಕೆ ಸಮನಾಗಿ ಮುಟ್ಟುವುದಿಲ್ಲ.

ಇಷ್ಟಾದ ಮೇಲೂ ಮನಸ್ಸು ತೂಗುತ್ತಿದ್ದರೆ ಇಡೀ ತಲೆ ಒಪ್ಪಿಸಬೇಡಿ. ಕತ್ತಿನ ಹಿಂದೆ, ಮೇಲಿನ ಕೂದಲು ಮುಚ್ಚುವ ಕಡೆ ಮೂರೇ ಲಾಕ್ ಮಾಡಿಸಿ ಎರಡು ತಿಂಗಳು ಇಟ್ಟುಕೊಳ್ಳಿ. ಸಾಧ್ಯವಾದರೆ ಆ ಎರಡರಲ್ಲಿ ಒಂದು ಜುಲೈ ಆಗಿರಲಿ. ತೊಳೆದು, ಒಣಗಲು ಹಿಡಿದ ಗಂಟೆಗಳನ್ನು ಬರೆದಿಟ್ಟುಕೊಂಡು, ಒಂದು ಸಲ ಬುಡ ಸರಿಮಾಡಿಸಿ, ಅದೇ ಅಂಗಡಿಯವರ ಕೈ ಹೇಗಿದೆ ನೋಡಿ. ಒಪ್ಪಿಗೆಯಾದರೆ ಉಳಿದ ಕೂದಲಿಗೆ ಅವರಲ್ಲೇ ದಿನ ಗೊತ್ತುಮಾಡಿ, ಆಗದಿದ್ದರೆ ಮೂರು ಲಾಕನ್ನು ಒಂದು ಭಾನುವಾರ ಮಧ್ಯಾಹ್ನ ಕೂತು ಬಿಡಿಸಿಕೊಳ್ಳಬಹುದು.