ನ್ಯಾನೋವಿಎನ್‌ಎ-ಎಚ್: ಲೆಕ್ಕ ಬಲ್ಲವರಿಗೆ ಒಳ್ಳೆಯ ಉಪಕರಣ

ಅಂಗೈಯಲ್ಲಿ ಕೂರುವ ಈ ಉಪಕರಣ ಒಂದು ವೆಕ್ಟರ್ ನೆಟ್‌ವರ್ಕ್ ಅನಲೈಸರ್: ಆಂಟೆನಾ, ಫಿಲ್ಟರ್‌ಗಳಿಗೆ ಸಿಗ್ನಲ್ ಕಳಿಸಿ ಏನು ಮರಳುತ್ತದೆ, ಏನು ದಾಟುತ್ತದೆ ಎಂದು ನೋಡುತ್ತದೆ. ಇದರ ಮೂಲ ಆವೃತ್ತಿ 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್‌ವರೆಗೆ ಅಳೆಯುತ್ತದೆ. 300 ಮೆಗಾಹರ್ಟ್ಸ್ ದಾಟಿದ ಮೇಲೆ ಆಸಿಲೇಟರಿನ ಹಾರ್ಮೋನಿಕ್‌ಗಳ (ಮೂಲ ಫ್ರೀಕ್ವೆನ್ಸಿಯ ಗುಣಕಗಳ) ಮೇಲೆ ನಡೆಯುವುದರಿಂದ ಪರದೆಯ ಗೆರೆಯಲ್ಲಿ ನಾಯ್ಸ್ ಹೆಚ್ಚುತ್ತದೆ. ಫಿಲ್ಟರ್ ಅಳೆಯುವವರಿಗೆ ಇದು ದೊಡ್ಡ ಕೊರತೆ, ಆಂಟೆನಾ ಕಟ್ಟುವವರಿಗೆ ಅಷ್ಟೇನೂ ಅಡ್ಡಿಯಿಲ್ಲ. ನಮ್ಮ ದೃಷ್ಟಿಯಲ್ಲಿ ಇದರ ದೊಡ್ಡ ಉಪಕಾರವೆಂದರೆ, ಆಂಟೆನಾ ತಂತಿ ಕತ್ತರಿಸಿ ನೋಡುವ ಪ್ರತಿ ಹೆಜ್ಜೆಯನ್ನೂ ಲೆಕ್ಕದ ಜೊತೆ ತಾಳೆ ನೋಡಬಹುದು. ಥಿಯರಿ ಗೊತ್ತಿಲ್ಲದವರಿಗೆ ತಪ್ಪು ಅಂಕಿಯನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ.

ಮೊದಲು ರೇಂಜ್, ಆಮೇಲೆ ಕ್ಯಾಲಿಬ್ರೇಶನ್. ಮೂಲ ಆವೃತ್ತಿಯಲ್ಲಿ ಒಂದು ಸ್ವೀಪಿಗೆ, ಅಂದರೆ ರೇಂಜಿನ ಒಂದು ಸುತ್ತಿನ ಅಳತೆಗೆ, 101 ಬಿಂದುಗಳು. ಪೂರ್ತಿ ರೇಂಜ್ ಇಟ್ಟರೆ ಎರಡು ಬಿಂದುಗಳ ನಡುವೆ ಸುಮಾರು 9 ಮೆಗಾಹರ್ಟ್ಸ್ ಅಂತರ ಬೀಳುತ್ತದೆ, ಕಿರಿದಾದ ರೆಸೊನೆನ್ಸ್ (ಆಂಟೆನಾ ಸಹಜವಾಗಿ ಸ್ಪಂದಿಸುವ ಫ್ರೀಕ್ವೆನ್ಸಿ) ಕಾಣಿಸುವುದೇ ಇಲ್ಲ. 145 ಮೆಗಾಹರ್ಟ್ಸ್ ಆಂಟೆನಾಗೆ 130ರಿಂದ 150 ಸಾಕು. ಹಳೆಯ ಕ್ಯಾಲಿಬ್ರೇಶನ್ ರೀಸೆಟ್ ಮಾಡಿ, ಓಪನ್, ಶಾರ್ಟ್, ಲೋಡ್ (ತೆರೆದ, ಶಾರ್ಟ್ ಆದ, 50 ಓಮಿನ ಮಾದರಿ ತುದಿಗಳು) ಮೂರನ್ನೂ ಆಂಟೆನಾ ಸೇರುವ ಕೇಬಲ್ಲಿನ ತುದಿಯಲ್ಲೇ ಹಾಕಿ ಸೇವ್ ಮಾಡಿ. ಉಪಕರಣದ ಪೋರ್ಟಿನಲ್ಲೇ ಕ್ಯಾಲಿಬ್ರೇಟ್ ಮಾಡಿ ಆಮೇಲೆ 20 ಸೆಂ.ಮೀ. ಕೋಆಕ್ಸ್ ಸೇರಿಸಿದರೂ ಸಾಕು, ಸ್ಮಿತ್ ಚಾರ್ಟಿನ (ಇಂಪೀಡೆನ್ಸ್ ತೋರಿಸುವ ವೃತ್ತಾಕಾರದ ನಕ್ಷೆಯ) ಬಿಂದು ಈ ಫ್ರೀಕ್ವೆನ್ಸಿಯಲ್ಲಿ ನೂರು ಡಿಗ್ರಿಯಷ್ಟು ತಿರುಗಿಬಿಡುತ್ತದೆ. ಎಸ್‌ಡಬ್ಲ್ಯುಆರ್ (ಕೇಬಲ್ಲಿಗೂ ಆಂಟೆನಾಗೂ ಇರುವ ಹೊಂದಿಕೆಯ ಅಂಕಿ, 1 ಎಂದರೆ ಪೂರ್ತಿ ಹೊಂದಿಕೆ) ಹೆಚ್ಚುಕಡಿಮೆ ಹಾಗೇ ಇರುತ್ತದೆ. ರಿಯಾಕ್ಟೆನ್ಸ್ (ಇಂಪೀಡೆನ್ಸಿನಲ್ಲಿ ರೆಸೊನೆನ್ಸಿನ ಹೊತ್ತಿಗೆ ಸೊನ್ನೆಯಾಗುವ ಭಾಗ) ಅಂಕಿ ಮಾತ್ರ ಕೆಲಸಕ್ಕೆ ಬಾರದು.

ಈಗ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 145ಕ್ಕೆ ಸುಮಾರು 98.6 ಸೆಂ.ಮೀ. ತಂತಿಯ ದಪ್ಪ, ಅದರ ಪ್ಲಾಸ್ಟಿಕ್ ಹೊದಿಕೆ, ನೆಲದಿಂದ ಎತ್ತರ ಯಾವುದೂ ಈ ಸೂತ್ರದಲ್ಲಿಲ್ಲ. ಆದ್ದರಿಂದ 104 ಸೆಂ.ಮೀ.ಗೆ ಕತ್ತರಿಸಿ ಅಳೆಯಿರಿ. ರಿಯಾಕ್ಟೆನ್ಸ್ 137ರಲ್ಲಿ ಸೊನ್ನೆಯಾಯಿತೆನ್ನಿ. 104ನ್ನು 137ರಿಂದ ಗುಣಿಸಿ 145ರಿಂದ ಭಾಗಿಸಿದರೆ 98.3. ಎರಡೂ ತುದಿಯಲ್ಲಿ 2.5 ಸೆಂ.ಮೀ. ತೆಗೆದು ಮತ್ತೆ ಅಳೆದು, ಉಳಿದದ್ದನ್ನು ಮಿಲಿಮೀಟರ್ ಲೆಕ್ಕದಲ್ಲಿ ತೆಗೆಯಿರಿ. ಇಷ್ಟಾದ ಮೇಲೂ ಎಸ್‌ಡಬ್ಲ್ಯುಆರ್ 1.4 ತೋರಿಸಿದರೆ ಕತ್ತರಿ ಕೆಳಗಿಡಿ. ನೆಟ್ಟಗಿನ ಡೈಪೋಲಿನ ಇಂಪೀಡೆನ್ಸ್ 70 ಓಮ್ ಆಸುಪಾಸು, 50 ಓಮ್ ಕೇಬಲ್ಲಿಗೆ ಅಷ್ಟು ಬರುವುದು ಸಹಜ. ಇಳಿಸಲೇಬೇಕೆಂದರೆ ತೋಳುಗಳನ್ನು ತಲೆಕೆಳಗಾದ ವಿ ಆಕಾರಕ್ಕೆ ತನ್ನಿ, ಆಮೇಲೆ ಉದ್ದ ಸ್ವಲ್ಪ ಸರಿಪಡಿಸಿ.

ಕೇಬಲ್ ಮೇಲೆ ಕೈ ಸವರಿದಾಗ ಗೆರೆ ಅಲುಗಾಡಿದರೆ, ಅದರ ಹೊರಮೈಯಲ್ಲೂ ಕರೆಂಟ್ ಹರಿಯುತ್ತಿದೆ. ಫೀಡ್ ಪಾಯಿಂಟಿನ (ಕೇಬಲ್ ಆಂಟೆನಾ ಸೇರುವ ಜಾಗದ) ಹತ್ತಿರ ಕೇಬಲ್ಲಿಗೆ ಫೆರೈಟ್ ಮಣಿಗಳನ್ನು ಪೋಣಿಸಿ. ಅದಕ್ಕೂ ಮುಂಚಿನ ಅಳತೆ ನಂಬಬೇಡಿ. ಕೇಬಲ್ಲಿನ ನಷ್ಟವೂ ಮೋಸ ಮಾಡುತ್ತದೆ: 3 ಡಿಬಿ ನಷ್ಟದ ಕೇಬಲ್ಲಿನ ತುದಿಯಲ್ಲಿ ಆಂಟೆನಾ ಕಿತ್ತುಹೋಗಿದ್ದರೂ ಕೆಳಗೆ ಉಪಕರಣದಲ್ಲಿ ಎಸ್‌ಡಬ್ಲ್ಯುಆರ್ 3ರಷ್ಟೇ ಕಾಣುತ್ತದೆ.

ಒಂದೇ ಪೋರ್ಟಿನ ಈ ಅಳತೆ ಗೇನ್ (ಆಂಟೆನಾ ಒಂದು ದಿಕ್ಕಿಗೆ ಎಷ್ಟು ಬಲವಾಗಿ ಕಳಿಸುತ್ತದೆ ಎಂಬುದನ್ನು) ಹೇಳುವುದಿಲ್ಲ. ಏನನ್ನೂ ಪ್ರಸಾರ ಮಾಡದೆ ಶಕ್ತಿಯನ್ನು ಬಿಸಿಯಾಗಿಸುವ ಡಮ್ಮಿ ಲೋಡಿಗೂ ಎಸ್‌ಡಬ್ಲ್ಯುಆರ್ 1 ಬರುತ್ತದೆ! ಯಾಗಿ-ಉಡಾ (ಸಾಲು ಕಡ್ಡಿಗಳ ಆಂಟೆನಾ: ಹಿಂದೆ ರಿಫ್ಲೆಕ್ಟರ್, ಕೇಬಲ್ ಸೇರುವ ಡ್ರಿವನ್ ಎಲಿಮೆಂಟ್, ಮುಂದೆ ಡೈರೆಕ್ಟರ್‌ಗಳು) ಕಟ್ಟುವವರು ಎಡವುವುದು ಇಲ್ಲೇ: ಪರದೆಯ ಗೆರೆ ಇಳಿಯಲೆಂದು ಡೈರೆಕ್ಟರ್ ಕಡ್ಡಿ ಕತ್ತರಿಸಿ ಗೇನ್ ಕಳೆದುಕೊಳ್ಳುತ್ತಾರೆ. 1920ರ ದಶಕದಲ್ಲಿ ಉಡಾ ಮತ್ತು ಯಾಗಿ ಕಡ್ಡಿಗಳ ಉದ್ದ, ಅಂತರಗಳನ್ನು ಪ್ರಯೋಗದಿಂದಲೇ ಅರಿಯಬೇಕಾಯಿತು. ಈಗ ಆ ಕೆಲಸವನ್ನು ಎನ್‌ಇಸಿ-2 ಎಂಬ ಆಂಟೆನಾ ಲೆಕ್ಕದ ಪ್ರೋಗ್ರಾಂ ಆಧಾರಿತ ಸಾಫ್ಟ್‌ವೇರ್ ಮಾಡುತ್ತದೆ. ನಾಸಾದ ಎಸ್‌ಟಿ5 ಉಪಗ್ರಹಗಳು 2006ರಲ್ಲಿ ಒಯ್ದ ವಕ್ರ ತಂತಿಯ ಆಂಟೆನಾ ಕೂಡ ಕಂಪ್ಯೂಟರಿನೊಳಗೇ ಆಕಾರ ಬದಲಿಸಿ ಬದಲಿಸಿ ಆರಿಸಿದ್ದು. ರಿಫ್ಲೆಕ್ಟರ್, ಡೈರೆಕ್ಟರ್ ಲೆಕ್ಕದ ಅಳತೆಯಲ್ಲೇ ಇರಲಿ, ಡ್ರಿವನ್ ಎಲಿಮೆಂಟ್ ಮತ್ತು ಮ್ಯಾಚಿಂಗ್ ಮಾತ್ರ ಈ ಉಪಕರಣ ನೋಡಿಕೊಂಡು ತಿದ್ದಿ.

ಕೊರತೆಗಳೂ ಇವೆ. ಬಿಸಿಲಲ್ಲಿ ಪರದೆ ಓದಲು ಕಷ್ಟ. ಎಸ್‌ಎಂಎ ಕನೆಕ್ಟರ್ ಬೇಗ ಸವೆಯುತ್ತದೆ, ಒಂದು ಅಡಾಪ್ಟರನ್ನು ಕಾಯಂ ಹಾಕಿಬಿಡಿ. ಆಂಟೆನಾ ಸೇರಿಸುವ ಮೊದಲು ಕೇಬಲ್ ತುದಿಯನ್ನು ಶಾರ್ಟ್ ಮಾಡಿ ಸ್ಟ್ಯಾಟಿಕ್ ಚಾರ್ಜ್ ಇಳಿಸಿ, ಟ್ರಾನ್ಸ್‌ಮಿಟರನ್ನಂತೂ ಎಂದೂ ಜೋಡಿಸಬೇಡಿ. 300 ಮೆಗಾಹರ್ಟ್ಸ್ ಒಳಗೆ ಆಂಟೆನಾ ಕಟ್ಟುವವರು ಕಣ್ಣು ಮುಚ್ಚಿ ಕೊಳ್ಳಬಹುದು. ಡುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕಳಿಸುವ, ಪಡೆಯುವ ಸಿಗ್ನಲ್‌ಗಳನ್ನು ಬೇರ್ಪಡಿಸುವ ಫಿಲ್ಟರ್) ಟ್ಯೂನ್ ಮಾಡುವವರು ಡೈನಮಿಕ್ ರೇಂಜ್ (ಅತಿ ದೊಡ್ಡ, ಅತಿ ಚಿಕ್ಕ ಸಿಗ್ನಲ್‌ಗಳ ನಡುವಿನ ಅಳೆಯಬಲ್ಲ ಅಂತರ) ಹೆಚ್ಚಿರುವ ಬೇರೆ ಮಾದರಿ ನೋಡಲಿ.