ಫಾರ್ಮುಲಾ ಯಾರೂ ಮುಟ್ಟದ ಹಾಗೆ: ಎಕ್ಸೆಲ್ ಲಾಕೋ, ಗೂಗಲ್ ಶೀಟ್ಸ್ ಲಾಕೋ?

ನಾಲ್ಕಾರು ಜನ ಕೈ ಹಾಕುವ ಶೀಟ್ ಆದರೆ ಗೂಗಲ್ ಶೀಟ್ಸ್ ಲಾಕೇ ವಾಸಿ. ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನ ನೀರಿನ ಲೆಕ್ಕ ನೋಡುವುದು ನಾನು. ಹಳೆ ರೀಡಿಂಗ್, ಹೊಸ ರೀಡಿಂಗ್, ಯೂನಿಟ್, ಮೊತ್ತ, ಇಷ್ಟೇ ಕಾಲಂ. ಒಮ್ಮೆ ಯಾರೋ ಮೊತ್ತದ ಫಾರ್ಮುಲಾ ಮೇಲೇ 640 ಅಂತ ಟೈಪ್ ಮಾಡಿಬಿಟ್ಟಿದ್ದರು. ಆಮೇಲೆ ಎಷ್ಟು ನೀರು ಸುರಿದರೂ ಆ ಮನೆಗೆ ಬಿಲ್ 640 ರೂಪಾಯಿಯೇ! ಲಾಕ್ ಹಾಕಲೇಬೇಕು ಅನಿಸಿದ್ದು ಆಗ.

ಮೊದಲು ಎಕ್ಸೆಲ್. ಅದರಲ್ಲಿ ಎಲ್ಲ ಸೆಲ್‌ಗಳಿಗೂ ಮೊದಲಿಂದಲೇ ಲಾಕ್ಡ್ ಟಿಕ್ ಇರುತ್ತದೆ. ಆದರೆ ರಿವ್ಯೂ ಟ್ಯಾಬ್‌ನಲ್ಲಿ ಪ್ರೊಟೆಕ್ಟ್ ಶೀಟ್ ಒತ್ತುವವರೆಗೂ ಅದಕ್ಕೆ ಬೆಲೆ ಇಲ್ಲ. ಹಾಗಾಗಿ ಬೇರೆಯವರು ತುಂಬುವ ಸೆಲ್‌ಗಳನ್ನು ಮೊದಲು ಆರಿಸಿ, ಕಂಟ್ರೋಲ್ ಜೊತೆ 1 ಒತ್ತಿ, ಪ್ರೊಟೆಕ್ಷನ್‌ನಲ್ಲಿ ಆ ಟಿಕ್ ತೆಗೆಯಬೇಕು. ಆಮೇಲೆ ಪ್ರೊಟೆಕ್ಟ್. ಸುಲಭವೇ.

ತಲೆನೋವು ಶುರುವಾಗಿದ್ದು ಖಾಲಿ ಮನೆಗಳಿಂದ. ಖಾಲಿ ಮನೆಯ ರೀಡಿಂಗ್ ಬದಲಾಗುವುದಿಲ್ಲ ಅಲ್ವಾ? ನಮ್ಮ ಸೂಪರ್‌ವೈಸರ್ ಹಳೆ ರೀಡಿಂಗನ್ನೇ ಕಾಪಿ ಮಾಡಿ ಹೊಸದರಲ್ಲಿ ಪೇಸ್ಟ್ ಮಾಡುತ್ತಿದ್ದರು. ತಪ್ಪೇನಿಲ್ಲ, ಯಾರಾದರೂ ಅದನ್ನೇ ಮಾಡುತ್ತಾರೆ. ಆದರೆ ಹಳೆ ರೀಡಿಂಗ್ ಲಾಕ್ ಆದ ಸೆಲ್. ಪೇಸ್ಟ್ ಮಾಡಿದಾಗ ಅಂಕಿಯ ಜೊತೆ ಲಾಕೂ ಬಂದು ಕೂರುತ್ತದೆ! ಆಮೇಲೆ ಆ ಸೆಲ್ ತಿದ್ದಲು ಹೋದರೆ ಶೀಟ್ ಪ್ರೊಟೆಕ್ಟ್ ಆಗಿದೆ ಅಂತ ಮೆಸೇಜ್. "ಮೇಡಂ, ನಿನ್ನೆ ತಗೊಂಡಿತ್ತು, ಇವತ್ತು ತಗೊಳ್ತಿಲ್ಲ" ಅಂತ ಫೋನ್. ನಾನು ಪಾಸ್‌ವರ್ಡ್ ಹಾಕಿ ಬಿಚ್ಚಬೇಕು, ಟಿಕ್ ತೆಗೆಯಬೇಕು, ಮತ್ತೆ ಪ್ರೊಟೆಕ್ಟ್ ಮಾಡಬೇಕು.

ಕಾರಣ ಇಷ್ಟೇ. ಎಕ್ಸೆಲ್‌ನಲ್ಲಿ ಲಾಕ್ ಅನ್ನುವುದು ಬಣ್ಣ, ಬಾರ್ಡರ್ ಥರ ಸೆಲ್‌ನ ಫಾರ್ಮ್ಯಾಟಿಗೆ ಸೇರಿದ್ದು. ಕಾಪಿ ಮಾಡಿದರೆ ಜೊತೆಗೇ ಬರುತ್ತದೆ. ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಮಾತ್ರ ಪೇಸ್ಟ್ ಮಾಡಿದರೆ ಬರುವುದಿಲ್ಲ. ಇಲ್ಲವೇ ಪ್ರೊಟೆಕ್ಟ್ ಮಾಡುವಾಗಲೇ ಸೆಲೆಕ್ಟ್ ಲಾಕ್ಡ್ ಸೆಲ್ಸ್ ಟಿಕ್ ತೆಗೆದರೆ ಲಾಕ್ ಆದ ಸೆಲ್ ಮೇಲೆ ಕರ್ಸರೇ ನಿಲ್ಲುವುದಿಲ್ಲ, ಕಾಪಿ ಮಾಡುವುದು ಎಲ್ಲಿಂದ ಬಂತು. ಆದರೆ ಆಗ ಫಾರ್ಮುಲಾ ಏನಿದೆ ಅಂತ ಕ್ಲಿಕ್ ಮಾಡಿ ನೋಡಲೂ ಆಗದು. ಕಮಿಟಿಯವರಿಗೆ ಅದು ಬೇಕೇ ಬೇಕು.

ಗೂಗಲ್ ಶೀಟ್ಸ್‌ನಲ್ಲಿ ಲಾಕ್ ಇರುವುದು ಜಾಗಕ್ಕೆ. ಎಲ್ಲಿಂದ ಏನು ತಂದು ಪೇಸ್ಟ್ ಮಾಡಿದರೂ ಲಾಕ್ ಅಲುಗುವುದಿಲ್ಲ. ಡೇಟಾ ಮೆನುವಿನಲ್ಲಿ ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್ ತೆಗೆದು, ಇಡೀ ಶೀಟ್ ಲಾಕ್ ಮಾಡಿ, ಎಕ್ಸೆಪ್ಟ್ ಸರ್ಟನ್ ಸೆಲ್ಸ್ ಅನ್ನುವಲ್ಲಿ ಹೊಸ ರೀಡಿಂಗ್ ಕಾಲಂ ಒಂದನ್ನೇ ಬಿಟ್ಟುಕೊಟ್ಟೆ. ಉಳಿದದ್ದನ್ನು ತಿದ್ದುವ ಹಕ್ಕು ನನಗೊಬ್ಬಳಿಗೇ. ಪಾಸ್‌ವರ್ಡ್ ಇಲ್ಲ, ಎಲ್ಲ ಜಿಮೇಲ್ ಖಾತೆ ಮೇಲೆ ನಡೆಯುತ್ತದೆ.

ಅದರಲ್ಲೇ ಬರೀ ಎಚ್ಚರಿಕೆ ತೋರಿಸುವ ಆಯ್ಕೆಯೂ ಇದೆ. ಸುಮ್ನೆ. ಜನ ಓದದೆ ಓಕೆ ಒತ್ತುತ್ತಾರೆ. ಅದೂ ಸಾಲದು ಅಂತ 5 ನಿಮಿಷ ಮತ್ತೆ ಕೇಳಬೇಡ ಅನ್ನುವ ಟಿಕ್ ಬೇರೆ!

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಶೋ ಎಡಿಟ್ ಹಿಸ್ಟರಿ. ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಯಾರು, ಯಾವಾಗ, ಎಷ್ಟಿದ್ದದ್ದನ್ನು ಎಷ್ಟು ಮಾಡಿದರು ಅಂತ ಬರುತ್ತದೆ. ಮೀಟಿಂಗಿನಲ್ಲಿ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಲಾಕ್ ಯಾಕೆ, ಡೇಟಾ ವ್ಯಾಲಿಡೇಶನ್ (ಸೆಲ್‌ಗೆ ಇಂಥದ್ದನ್ನು ಮಾತ್ರ ಹಾಕಬಹುದು ಅನ್ನುವ ನಿಯಮ) ಸಾಕು ಅನ್ನುವವರಿದ್ದಾರೆ. ಅದು ತಪ್ಪು ಅಂಕಿ ಟೈಪ್ ಮಾಡುವುದನ್ನು ತಡೆಯುತ್ತದೆ, ಡಿಲೀಟ್ ಒತ್ತಿದರೆ ತಡೆಯುವುದಿಲ್ಲ. ಎಕ್ಸೆಲ್‌ನಲ್ಲಂತೂ ಪೇಸ್ಟ್ ಮಾಡಿದರೆ ನುಸುಳಿಕೊಂಡು ಹೋಗುತ್ತದೆ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲೂ ಸೆಲ್‌ಗೆ ಟಿಕ್, ಆಮೇಲೆ ಶೀಟ್ ಪ್ರೊಟೆಕ್ಟ್, ಎಕ್ಸೆಲ್ ದಾರಿಯೇ. ದುಡ್ಡು ಕೊಡಬೇಕಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಸೂಪರ್‌ವೈಸರ್ ರೀಡಿಂಗ್ ಹಾಕುವುದು ಮೀಟರ್ ಎದುರು ನಿಂತು, ಫೋನಿನಲ್ಲಿ. ಅಸೋಸಿಯೇಶನ್ ಸಾಫ್ಟ್‌ವೇರ್‌ಗೆ ಅಂತ ಒಂದು ರೂಪಾಯಿಯೂ ಬಿಚ್ಚುವುದಿಲ್ಲ. ಹೀಗಿರುವಾಗ ನಮಗೆ ಗೂಗಲ್ ಶೀಟ್ಸೇ ಸರಿ. ನೆಟ್ ಸರಿಯಿಲ್ಲದ ಕಡೆ, ಎಲ್ಲರೂ ಒಂದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಕಡೆ ಎಕ್ಸೆಲ್ ಇಟ್ಟುಕೊಳ್ಳಿ. ಆಡಿಟರ್‌ಗೆ ಕೊಡುವ ವರ್ಷದ ಲೆಕ್ಕ ನಾನೂ ಅದರಲ್ಲೇ ಮಾಡುವುದು. ಅದನ್ನು ಮುಟ್ಟುವವಳು ನಾನೊಬ್ಬಳೇ, ಹಾಗಾಗಿ ಲಾಕೇ ಹಾಕಿಲ್ಲ.