‘ಶೋ ಕ್ವಾಲಿಟಿ’ ಮೊಲ ಅಂದ ತಕ್ಷಣ ದುಡ್ಡು ಎಣಿಸಬೇಡಿ

ಅಮೆರಿಕದಲ್ಲಿ ಮಕ್ಕಳನ್ನು, ಪ್ರಾಣಿ ಸಾಕೋದನ್ನೆಲ್ಲ ಕಲಿಸೋ ಮಕ್ಕಳ ಕ್ಲಬ್ಬಾದ ಫೋರ್-ಎಚ್‌ಗೆ ಸೇರಿಸಿರೋ ಕನ್ನಡದವರು ಇದನ್ನೊಮ್ಮೆ ಓದಿ. ನಾವು ಮೋಸ ಹೋಗಿದ್ದಾಯ್ತು.

ಮಗಳಿಗೆ ಮೊಲದ ಶೋ ಹುಚ್ಚು ಹಿಡಿದಿತ್ತು. ಜಾಹೀರಾತು ನೋಡಿ ಒಬ್ಬರ ಹತ್ತಿರ ಹಾಲೆಂಡ್ ಲಾಪ್ ಅನ್ನೋ ಪುಟ್ಟ ತಳಿಯ ಗಂಡುಮರಿ ತಂದೆವು. ಜೋಲುಕಿವಿ, ಕಡುಗಪ್ಪು ಮೈ. ಮಗಳು ‘ಎಳ್ಳು’ ಅಂತ ಹೆಸರಿಟ್ಟಳು. ‘ಶೋ ಕ್ವಾಲಿಟಿ’, ಅಂದರೆ ಸ್ಪರ್ಧೆಗೆ ನಿಲ್ಲಿಸೋ ಮಟ್ಟದ್ದು, ಅಂತ ಮೂರು ಪಟ್ಟು ಬೆಲೆ ಕಿತ್ತ ಮಾರಾಟಗಾರ, ಮೂರು ತಲೆಮಾರಿನ ಪೆಡಿಗ್ರೀ, ಅಂದರೆ ವಂಶಾವಳಿಯ ಕಾಗದವನ್ನೂ ಕೊಟ್ಟ. ಊರಿಂದ ಅಪ್ಪ ಫೋನಲ್ಲಿ ‘ಮೊಲಕ್ಕೂ ಜಾತಕ ಬಂತೇನೋ?’ ಅಂತ ನಕ್ಕರು.

ಆ ಕಾಗದವನ್ನು ಶೋ ದಿನ ಯಾರೂ ಕೇಳಲೇ ಇಲ್ಲ. ಇಲ್ಲಿ ಶೋಗಳು ನಡೆಯೋದು ಅಮೆರಿಕನ್ ರ‍್ಯಾಬಿಟ್ ಬ್ರೀಡರ್ಸ್ ಅಸೋಸಿಯೇಷನ್, ಅಂದರೆ ‘ಆರ್ಬಾ’ ನಿಯಮದ ಪ್ರಕಾರ. ಸ್ಪರ್ಧೆಗೆ ಪೆಡಿಗ್ರೀ ಬೇಕಿಲ್ಲ. ಅದು ಬೇಕಾಗೋದು ಮೊಲವನ್ನು ರಿಜಿಸ್ಟರ್ ಮಾಡಿಸುವಾಗ. ಶೋಗೆ ಬೇಕಾದ್ದು ಎಡಗಿವಿಯೊಳಗೆ ಹಚ್ಚೆ ಹಾಕಿದ ನಂಬರು. ಬಲಗಿವಿ ರಿಜಿಸ್ಟ್ರೇಷನ್ ನಂಬರಿಗೆ ಮೀಸಲು. ನಮ್ಮ ಎಳ್ಳಿನ ಎರಡು ಕಿವಿಯೂ ಖಾಲಿ! ಪುಣ್ಯಕ್ಕೆ ಅಲ್ಲೇ ಬಂದಿದ್ದ ಒಬ್ಬರು ಹಚ್ಚೆ ಹಾಕಿಕೊಟ್ಟರು. ಮಗಳು ನೋಡಲಾರದೆ ಮುಖ ತಿರುಗಿಸಿ ನಿಂತಿದ್ದಳು.

ಆಮೇಲೆ ಜಡ್ಜ್ ಮೇಜು. ಆಕೆ ಎಳ್ಳನ್ನು ಅಂಗಾತ ಮಲಗಿಸಿ, ತುಟಿ ಸರಿಸಿ ಹಲ್ಲು ನೋಡಿದರು. ಕೆಳಗಿನ ಹಲ್ಲು ಮೇಲಿನದಕ್ಕಿಂತ ಮುಂದೆ ಬಂದಿದ್ದರೆ ಅಲ್ಲಿಗೇ ಮುಗೀತು. ಅದು ಸರಿಯಿತ್ತು. ಆಮೇಲೆ ಉಗುರು. ಮೊಲಕ್ಕೆ ಮುಂಗಾಲಲ್ಲಿ ಐದೈದು, ಹಿಂಗಾಲಲ್ಲಿ ನಾಲ್ಕ್ನಾಲ್ಕು, ಒಟ್ಟು 18. ಆಕೆ ಎಡ ಮುಂಗಾಲಿನ ಒಳಬದಿಯ ರೋಮ ಸರಿಸಿ, ಹೆಬ್ಬೆರಳಿನಂಥ ಪುಟ್ಟ ಉಗುರನ್ನು ಬೆರಳ ತುದಿಯಲ್ಲಿ ಎತ್ತಿ ಮಗಳಿಗೆ ತೋರಿಸಿದರು. ಬಾಕಿ ಹದಿನೇಳೂ ಕಪ್ಪು, ಅದೊಂದು ಅಕ್ಕಿಕಾಳಿನಷ್ಟು ಬೆಳ್ಳಗೆ. ಒಂದೇ ಬಣ್ಣದ ಕಪ್ಪು ಮೊಲಕ್ಕೆ ಬಿಳಿ ಉಗುರಿದ್ದರೆ ಡಿಸ್‌ಕ್ವಾಲಿಫೈ. ಮಚ್ಚೆ ಮೊಲವಾಗಿದ್ದರೆ, ಅಂದರೆ ‘ಬ್ರೋಕನ್’ ಆಗಿದ್ದರೆ, ಅದೇ ಉಗುರು ನಡೀತಿತ್ತಂತೆ. ಆರು ತಿಂಗಳು ಇಟ್ಟುಕೊಂಡು, ಉಗುರು ಕತ್ತರಿಸಿ ಕತ್ತರಿಸಿ, ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ ನೋಡಿ.

ಸಾಲದ್ದಕ್ಕೆ ತಕ್ಕಡಿ 4 ಪೌಂಡ್ 5 ಔನ್ಸ್ ತೋರಿಸಿತು. ಹಾಲೆಂಡ್ ಲಾಪ್‌ಗೆ ಮಿತಿ 4 ಪೌಂಡ್. ಮಿನಿ ಲಾಪ್ ಅನ್ನೋ ಬೇರೆ ತಳಿ ಆರೂವರೆ ಪೌಂಡ್‌ವರೆಗೂ ಬೆಳೆಯುತ್ತೆ. ಅದರ ಬೆರಕೆಯನ್ನು ಹಾಲೆಂಡ್ ಅಂತ ದಾಟಿಸಿದ್ದರೂ ಮರಿಯಲ್ಲಿ ನಮ್ಮಂಥವರಿಗೆ ಗೊತ್ತಾಗಲ್ಲ. ಅಪ್ಪ ಅಮ್ಮ ಮೊಲಗಳನ್ನು ತೂಗಿ ತೋರಿಸಿ ಅಂತ ಕೇಳಬೇಕಿತ್ತು. ನಾನು ಕೇಳಿದ್ದು ಬರೀ ರೇಟು.

ಮಾರಿದವನಿಗೆ ಉಗುರಿನ ಫೋಟೊ ಕಳಿಸಿದೆ. ‘ಪೆಡಿಗ್ರೀ ಇದೆಯಲ್ಲ, ಜಡ್ಜ್‌ಗೇ ಗೊತ್ತಿಲ್ಲ’ ಅಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆಗೆ ಇಷ್ಟು ಸರಿಹೊಂದೋ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಎರಡನೇ ಮೆಸೇಜಿಗೆ ಬ್ಲಾಕ್ ಮಾಡಿದ. ಹಾಗಾಗಿ ದುಡ್ಡು ಕೊಡೋ ಮುಂಚೆ ಆರ್ಬಾ ಜಡ್ಜ್ ಅಥವಾ ರಿಜಿಸ್ಟ್ರಾರ್ ಒಬ್ಬರ ಕೈಗೆ ಮೊಲ ಕೊಟ್ಟು ನೋಡಿಸಿ. ಹತ್ತು ನಿಮಿಷದ ಕೆಲಸ.

ಇನ್ನೊಂದು ಮಾತು: ಗಂಡು ಮೊಲ ಮನೆಯಲ್ಲಿ ಉಚ್ಚೆ ಸಿಡಿಸುತ್ತೆ ಅಂತ ಅವಸರಕ್ಕೆ ಬಿದ್ದು ಬೀಜ ತೆಗೆಸಬೇಡಿ. ದೊಡ್ಡ ಗಂಡಿಗೆ ಎರಡೂ ಬೀಜ ಇಲ್ಲದಿದ್ದರೆ ಸ್ಪರ್ಧೆಗೆ ತಗೊಳ್ಳಲ್ಲ. ಎಳ್ಳಿಗೆ ಹೇಗೂ ದಾರಿ ಮುಚ್ಚಿತ್ತಲ್ಲ, ಹೋದ ತಿಂಗಳು ಆಪರೇಷನ್ ಮಾಡಿಸಿದೆವು. ಈಗ ಸೋಫಾ ಒಣಗಿದೆ.